ಮಣೂಕದ ಬೆರಳು

ಸಿಟ್ಟು ನನ್ನ ಹುಟ್ಟುಗುಣ. ರೋಗಿಗಳ ಮೇಲೆ ಬಂದದ್ದು ಐದು ನಿಮಿಷಕ್ಕೆ ಇಳಿಯುತ್ತದೆ. ಲ್ಯಾಬಿನವರ ಮೇಲೆ ಬಂದದ್ದು ಮಾತ್ರ ಮಧ್ಯಾಹ್ನದ ಊಟದವರೆಗೂ ಇರುತ್ತಿತ್ತು. ವಿಜಯಪುರದಿಂದ ದಿನಾ ಬೆಳಿಗ್ಗೆ ಸ್ಕೂಟಿ ಹತ್ತಿ ತಿಕೋಟಾಕ್ಕೆ ಹೋಗಿ, ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಕೂತು, ನೆಗಡಿಯಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಬಂದದ್ದನ್ನೆಲ್ಲ ನೋಡುವ ಡಾಕ್ಟರು ನಾನು. ಹಳ್ಳಿಯ ಜನ ನನ್ನನ್ನು ಬಾಯಾರು, ಅಂದರೆ ಅಮ್ಮಾವರು, ಅನ್ನುತ್ತಾರೆ. ಹಿಂದಿನಿಂದ ಏನನ್ನುತ್ತಾರೋ ನನಗೆ ಗೊತ್ತಿಲ್ಲ, ನಮ್ಮ ಸಿಸ್ಟರಿಗೆ ಗೊತ್ತು, ಆಕೆ ಹೇಳುವುದಿಲ್ಲ.

ಹೊಸದರಲ್ಲಿ ನಾನು ಬರೆಯುತ್ತಿದ್ದ ಟೆಸ್ಟುಗಳ ಚೀಟಿ ನೋಡಿದವರಿಗೆ ಮದುವೆಯ ಜವಳಿ ಪಟ್ಟಿ ನೆನಪಾಗಬೇಕು. ಎರಡು ದಿನದ ಜ್ವರಕ್ಕೂ ಹತ್ತು ಟೆಸ್ಟು. ವರದಿ ಬಂದ ಮೇಲೆ ದಪ್ಪ ಅಕ್ಷರದಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ಉಳಿದದ್ದನ್ನು ಮಡಚಿಡುವುದು. ಕೆಲವು ವರ್ಷ ಕಳೆದ ಮೇಲೆ ನನಗೆ ಅನುಭವ ಬಂತೆಂದು ನಾನೇ ತೀರ್ಮಾನಿಸಿಕೊಂಡೆ, ಲ್ಯಾಬಿಗೆ ಕಳಿಸುವುದನ್ನೇ ಹೆಚ್ಚುಕಡಿಮೆ ಬಿಟ್ಟೆ. ವಿಜಯಪುರಕ್ಕೆ ಕಳಿಸಿದರೆ ಪಾಪ ರೋಗಿಗಳ ಒಂದು ದಿನದ ಕೆಲಸ ಕೆಡುತ್ತದೆ ಎಂಬುದು ಹೊರಗೆ ಹೇಳುವ ಕಾರಣ. ನನಗೆ ಗೊತ್ತಿಲ್ಲದ್ದು ಆ ಲ್ಯಾಬಿನವನಿಗೇನು ಗೊತ್ತು ಎಂಬುದು ಒಳಗಿನದು. ನನ್ನ ಕೈ, ನನ್ನ ಕಿವಿ, ಕೋಟಿನ ಜೇಬಿನಲ್ಲಿರುವ ಸಕ್ಕರೆ ನೋಡುವ ಪುಟ್ಟ ಮಷಿನ್ನು, ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ನಾನು ನಂಬುತ್ತಿರಲಿಲ್ಲ. ಕಾಲೇಜಿನಲ್ಲಿ ವರದಿ ಓದುವುದನ್ನು ಚೆನ್ನಾಗಿ ಕಲಿಸಿದ್ದರು. ರಕ್ತ ಮೈಬಿಟ್ಟು ಕಾಗದಕ್ಕೆ ಬರುವ ದಾರಿಯಲ್ಲಿ ಏನೇನು ಎಡವಟ್ಟಾಗಬಹುದು ಎಂಬುದನ್ನೂ ಯಾವುದೋ ಮಧ್ಯಾಹ್ನದ ಕ್ಲಾಸಿನಲ್ಲಿ ಹೇಳಿರಬೇಕು. ಆಗ ನಾನು ತೂಕಡಿಸುತ್ತಿದ್ದೆ ಅನಿಸುತ್ತದೆ.

ಹೋದ ದೀಪಾವಳಿ ಮುಗಿದ ವಾರ ಒಬ್ಬಾಕೆ ಬಂದಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ತಿಕೋಟಾದ ಹೊರಗಿರುವ ಮಣೂಕದ ಶೆಡ್ಡಿನಲ್ಲಿ ಕೆಲಸ. ಮಣೂಕ ಅಂದರೆ ಒಣದ್ರಾಕ್ಷಿ. ಇಪ್ಪತ್ತು ಹೆಂಗಸರು ಉದ್ದನೆಯ ಮೇಜಿನ ಎರಡೂ ಕಡೆ ಕೂತು ಕಡ್ಡಿ, ಕಪ್ಪು ಕಾಳು, ಒಡೆದ ಕಾಳು ಆರಿಸಿ ತೆಗೆಯುತ್ತಾರೆ. ಎಲ್ಲರ ಕೈ ದಾಟಿ ಬಂದ ಟ್ರೇಯನ್ನು ಕೊನೆಯದಾಗಿ ನೋಡಿ ಬಾಕ್ಸಿಗೆ ಬಿಡುವವಳು ಈಕೆ. ಆಕೆಯ ಕಣ್ಣು ದಾಟಿದ ಮೇಲೆ ಮಾಲನ್ನು ಮತ್ತೆ ಯಾರೂ ನೋಡುವುದಿಲ್ಲ.

“ಹಸರ ಮಣೂಕದಾಗ ಕರೀದು ಬಿಟ್ಟೆ ನೋಡ್ರಿ ಬಾಯಾರ,” ಎಂದಳು, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ. “ಒಂದಲ್ಲ, ಮೂರು. ನಿನ್ನೆ ಮೊನ್ನೆ ಕೆಲಸಕ್ಕ ಬಂದ ಹುಡುಗ್ಯಾರು ಕಿಸಿಕಿಸಿ ನಕ್ಕರ್ರಿ.”

ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಎರಡೂ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ವಿಜಯಪುರದ ಕಣ್ಣಿನ ಡಾಕ್ಟರು ಆಪರೇಷನ್ ಮಾಡುತ್ತೇನೆ ಎಂದಿದ್ದರು, ಬಿಪಿ ಶುಗರ್ ಸರಿ ಇದೆ ಎಂದು ನಿಮ್ಮೂರಿನ ಡಾಕ್ಟರಿಂದ ಒಂದು ಚೀಟಿ ತನ್ನಿ ಎಂದು ಕಳಿಸಿದ್ದರು. ಶೆಡ್ಡಿನ ಧಣಿಯೂ ಮಾತು ಹೇಳಿದ್ದನಂತೆ, ಹೊಸ ಮಾಲು ಬರುವುದರೊಳಗೆ ಕಣ್ಣು ಮಾಡಿಸಿಕೋ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವಳನ್ನು ಕೂರಿಸುತ್ತೇನೆ ಎಂದು. ಹೊಸ ಮಾಲು ಶುರುವಾಗುವುದು ಸಂಕ್ರಾಂತಿ ಕಳೆದು ಒಂದೆರಡು ತಿಂಗಳಿಗೆ. ಅಲ್ಲಿಯವರೆಗೆ ಕೋಲ್ಡ್ ಸ್ಟೋರೇಜಿನ ಹಳೆಯ ಮಾಲು.

“ಇಪ್ಪತ್ತೆರಡ ವರ್ಷ ಆತ್ರಿ ಆ ಮೂಲ್ಯಾಗ ಕುಂತು. ಕಣ್ಣ ಹೋದ್ರ ಮನ್ಯಾಗ ಕುಂತ ನಾ ಏನ ಮಾಡ್ಲಿ? ಟಿವಿ ನೋಡೂಣು ಅಂದ್ರ ಅದೂ ಕಾಣಂಗಿಲ್ಲ.”

ಬಿಪಿ ಚೆನ್ನಾಗಿತ್ತು. ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಚುಚ್ಚಿ ಮಷಿನ್ನಿಗೆ ರಕ್ತ ಮುಟ್ಟಿಸಿದೆ. ಮುನ್ನೂರ ಹದಿನೆಂಟು. ಖಾತ್ರಿಗಿರಲಿ ಎಂದು ಇನ್ನೊಂದು ಬೆರಳು ಚುಚ್ಚಿದೆ. ಮುನ್ನೂರ ಐದು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದೆ, ಅದರಲ್ಲಿ ನಾನು ತಪ್ಪಲಿಲ್ಲ. ಬಾಯಾರಿಕೆ? ಇಲ್ಲ. ರಾತ್ರಿ ಮೂತ್ರಕ್ಕೆ ಏಳುವುದು? “ಮಲಗಿದ್ರ ಕೋಳಿ ಕೂಗೂತನಾ ಎಚ್ಚರಿಲ್ರಿ.” ಸೊರಗಿದ್ದೀಯಾ? “ಜಂಪರ ಬಿಗಿ ಆಗ್ಯಾವ್ರಿ.” ಮನೆತನದಲ್ಲಿ ಯಾರಿಗಾದರೂ ಸಕ್ಕರೆ? ಯಾರಿಗೂ ಇಲ್ಲ. ನಾಲ್ಕು ‘ಇಲ್ಲ’ಗಳನ್ನು ಪುಸ್ತಕದಲ್ಲಿ ಬರೆದೆ, ಕೆಳಗೆ ಮುನ್ನೂರ ಹದಿನೆಂಟು ಬರೆದೆ, ಆ ಕೊನೆಯ ಸಾಲನ್ನು ಮಾತ್ರ ನಂಬಿದೆ. ಸಕ್ಕರೆ ಇಳಿಸುವ ಗುಳಿಗೆ ಬರೆದುಕೊಟ್ಟು, ಶುಗರ್ ಹತೋಟಿಗೆ ಬಂದ ಮೇಲೆ ಚೀಟಿ ಕೊಡುತ್ತೇನೆ ಎಂದು ಕಳಿಸಿದೆ.

ಎರಡು ವಾರ ಬಿಟ್ಟು ಬಂದಾಗ ಎರಡುನೂರ ತೊಂಬತ್ತು. ಗುಳಿಗೆ ಜಾಸ್ತಿ ಮಾಡಿದೆ. ಮುಂದಿನ ತಿಂಗಳು ಎರಡುನೂರ ಎಂಬತ್ತು. ನನ್ನ ಸಿಟ್ಟು ನೆತ್ತಿಗೇರಿತು.

“ಖರೇ ಹೇಳು ಯವ್ವಾ, ಏನ ತಿಂತಿ? ಎಳ್ಳ ಅಮಾಸಿಗೆ ಹೊಲದಾಗ ಕುಂತು ಶೇಂಗಾ ಹೋಳಿಗಿ ಎಷ್ಟ ಹೊಡದಿ?”

“ಒಂದ ಚೂರು ಮುಟ್ಟಿಲ್ರಿ ಬಾಯಾರ. ಎಲ್ಲಾರೂ ಎಲಿ ತುಂಬ ಹಾಕ್ಕೊಂಡು ಉಣ್ಣಾಕತ್ತಿದ್ರು, ನಾ ಮಾರಿ ತಿರುವಿ ಕುಂತಿದ್ದೆ. ಚಾಕ್ಕೂ ಸಕ್ಕರಿ ಬಿಟ್ಟೀನಿ.” ಆಮೇಲೆ ಸ್ವಲ್ಪ ತಡೆದು, “ಆದ್ರ ಇತ್ತಿತ್ತಲಾಗ ಹನ್ನೊಂದ ಗಂಟೆ ಸುಮಾರಿಗೆ ಕೈಕಾಲು ನಡಗತಾವ್ರಿ. ಮೈಯೆಲ್ಲಾ ಬೆವರು. ಒಂದ ಹಿಡಿ ಮಣೂಕ ಬಾಯಾಗ ಹಾಕ್ಕೊಂಡ್ರ ಆರಾಮ ಆಕ್ಕೈತಿ,” ಎಂದಳು.

“ಮಣೂಕ ತಿಂತಿ? ಒಂದ ಹಿಡಿ?” ನಾನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. “ಅದಕ್ಕ ಸಕ್ಕರಿ ಇಳ್ಯಾಕತ್ತಿಲ್ಲ! ಇನ್ನ ಒಂದ ಕಾಳು ಬಾಯಾಗ ಹಾಕ್ಕೊಂಡಿ ಅಂದ್ರ ಚೀಟಿ ಕೇಳಾಕ ಬರಬ್ಯಾಡ.”

ಈ ಮಾತನ್ನು ಈಗ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ನಡುಕ, ಬೆವರು, ಸಿಹಿ ತಿಂದರೆ ಆರಾಮ. ಪರೀಕ್ಷೆಯಲ್ಲಿ ಯಾರಾದರೂ ಈ ಮೂರು ಮಾತು ಕೊಟ್ಟು ಇದೇನು ಎಂದು ಕೇಳಿದ್ದರೆ, ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ನಾನು ಕಣ್ಣುಮುಚ್ಚಿ ಬರೆಯುತ್ತಿದ್ದೆ. ಕಣ್ಣು ಬಿಟ್ಟುಕೊಂಡು ಕೂತಾಗ ಹೊಳೆಯಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಕಣ್ಣಿನ ಡಾಕ್ಟರು ಮತ್ತೊಮ್ಮೆ ಹೇಳಿ ಕಳಿಸಿದರು, ಬೆರಳಿನ ಶುಗರ್ ಬೇಡ, ಲ್ಯಾಬಿನ ವರದಿ ಕಳಿಸಿ ಎಂದು. ನನಗೆ ಅದೂ ಸಿಟ್ಟೇ. ಗೊಣಗುತ್ತಲೇ ಸಿಸ್ಟರಿಗೆ ಹೇಳಿ ಆಕೆಯ ತೋಳಿನಿಂದ ರಕ್ತ ತೆಗೆಸಿದೆ. ಸಂಜೆ ವಿಜಯಪುರಕ್ಕೆ ಮರಳುವಾಗ ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಅಲ್ಲಿನ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರವಿರುವ ಲ್ಯಾಬಿಗೆ ಕೊಟ್ಟೆ. ಆ ಲ್ಯಾಬು ನಡೆಸುವವರು ನನಗಿಂತ ಹತ್ತು ವರ್ಷ ಹಿರಿಯರು, ಮಿತಭಾಷಿ. ನನ್ನ ಸಿಟ್ಟಿನ ಪರಿಚಯ ಅವರಿಗೆ ಚೆನ್ನಾಗಿ ಇತ್ತು.

ಮರುದಿನ ಬೆಳಿಗ್ಗೆ ತೊರವಿ ದಾಟುವಾಗ ಮೊಬೈಲು ಗುಂಯ್ ಅಂದಿತು. ಸ್ಕೂಟಿ ಬದಿಗೆ ನಿಲ್ಲಿಸಿ ನೋಡಿದರೆ ವರದಿ. ಸಕ್ಕರೆ ಅರವತ್ತು. ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟಿನಲ್ಲೂ ಸಕ್ಕರೆ ಕಾಯಿಲೆಯ ಸುಳಿವೇ ಇಲ್ಲ. ಬೇವಿನ ಮರದ ಕೆಳಗೆ ನಿಂತು ಫೋನು ಹಚ್ಚಿದೆ.

“ನಿಮ್ಮ ಮಷಿನ್ ಕೆಟ್ಟೈತೋ, ಬಾಟ್ಲಿ ಅದಲುಬದಲು ಮಾಡೀರೋ?”

“ಎರಡ ಸಲ ಹಾಕೇನ್ರಿ ಮೇಡಂ. ಎರಡ ಸಲಾನೂ ಅಷ್ಟ ಬಂದೈತಿ.”

“ನನ್ನ ಕಡೆ ಎರಡನೂರ ಎಂಬತ್ತರ ಕೆಳಗ ಒಮ್ಮೆನೂ ಬಂದಿಲ್ಲ!”

ಅವರ ಹಿಂದೆ ರೈಲು ಕೂಗಿತು. ಅದು ಪೂರ್ತಿ ಹೋಗುವ ತನಕ ಅವರು ಸುಮ್ಮನಿದ್ದರು. ನಾನು ಕಾಯಲೇಬೇಕಾಯಿತು.

“ಆ ಅವ್ವಾರು ಏನ ಕೆಲಸ ಮಾಡ್ತಾರ್ರಿ?” ಎಂದು ಕೇಳಿದರು.

“ಮಣೂಕ ಆರಸ್ತಾಳ. ಯಾಕ?”

“ಚುಚ್ಚೂಕಿಂತ ಮೊದಲ ಕೈ ತೊಳಸಿದ್ರೇನ್ರಿ?”

“ಸ್ಪಿರಿಟ್ ಹಚ್ಚೇನಲ್ರಿ!”

“ಸ್ಪಿರಿಟ್ ಹಚ್ಚಿದ್ರ ಕ್ರಿಮಿ ಸಾಯ್ತಾವ್ರಿ ಮೇಡಂ, ಸಕ್ಕರಿ ಎಲ್ಲಿಗಿ ಹೊಕ್ಕೈತಿ? ಬಬಲೇಶ್ವರದಾಗ ನಮ್ಮ ಅಣ್ಣನ ದ್ರಾಕ್ಷಿ ತ್ವಾಟ ಐತಿ. ಕಟಾವಿಗೆ ಹೋಗಿ ಬಂದ ದಿವಸ ನನ್ನ ಕೈ ಗಾಡಿ ಹ್ಯಾಂಡಲ್‌ಗೆ ಅಂಟಕೊಂಡ ಬರತೈತಿ. ಸಾಬೂನ ಹಚ್ಚಿ ತಿಕ್ಕಿದ್ರನ ಬಿಡೂದು. ಬೆರಳಿನ ಮ್ಯಾಲಿನ ಸಕ್ಕರಿ ರಕ್ತದ ಹನಿಯಾಗ ಕೂಡತೈತ್ರಿ. ನಮಗ ನೀವು ಕಳಿಸಿದ್ದು ತೋಳಿನ ರಕ್ತ. ಮೊಣಕೈಲೆ ಯಾರ್ರಿ ಮಣೂಕ ಆರಸ್ತಾರ?”

ಥ್ಯಾಂಕ್ಸ್ ಕೂಡ ಅನ್ನದೆ ಫೋನಿಟ್ಟೆ.

ಕ್ಲಿನಿಕ್ಕಿಗೆ ಹೋದವಳೇ ಬಾಗಿಲ ಹೊರಗೆ ಕೂತವರನ್ನು ದಾಟಿ ಒಳಗೆ ಬಂದು, ಯಾರೋ ತಂದುಕೊಟ್ಟು ಮೇಜಿನ ಖಾನೆಯಲ್ಲಿ ಉಳಿದಿದ್ದ ಮಣೂಕದ ಪೊಟ್ಟಣ ಬಿಚ್ಚಿದೆ. ನಾಲ್ಕು ಕಾಳು ತೆಗೆದುಕೊಂಡು ಬೆರಳಿನಲ್ಲಿ ಚೆನ್ನಾಗಿ ಹಿಸುಕಿದೆ. ಆಮೇಲೆ ಎಂದಿನಂತೆ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಚುಚ್ಚಿಕೊಂಡೆ. ಎರಡುನೂರ ಅರವತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಿಸ್ಟರಿಗೆ ಗಾಬರಿ.

“ಅಯ್ಯ, ನಿಮಗೂ ಬಂತೇನ್ರಿ ಬಾಯಾರ?”

ನಳದ ಕೆಳಗೆ ಸಾಬೂನು ಹಚ್ಚಿ ಕೈ ತಿಕ್ಕಿ ಒರೆಸಿಕೊಂಡು ಅದೇ ಬೆರಳು ಮತ್ತೆ ಚುಚ್ಚಿಕೊಂಡೆ. ತೊಂಬತ್ತೆರಡು. ಸಿಸ್ಟರ್ ಒಮ್ಮೆ ಮಷಿನ್ನು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಇಟ್ಟಂಗಿಹಾಳದ ಹೆಂಗಸು, ಎರಡು ಸಲ ಹೇಳಿಸಿಕೊಳ್ಳುವವಳಲ್ಲ. “ಹಂಗಾದ್ರ ಆಕಿ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಬೆಳಗಿನ ಗುಳಿಗೆ ನುಂಗಿ ಆಕೆ ಕೆಲಸಕ್ಕೆ ಕೂತಿರುತ್ತಾಳೆ. ನಡುಕ ಬರುವ ಹೊತ್ತು. ಮಣೂಕ ಬಾಯಿಗೆ ಹಾಕಿಕೊಳ್ಳಬೇಡ ಎಂದು ಹೇಳಿದವಳು ನಾನೇ. ಕೂತವರನ್ನು ಸಿಸ್ಟರಿಗೆ ಒಪ್ಪಿಸಿ ಸ್ಕೂಟಿ ಹತ್ತಿದೆ. ಆ ಎರಡು ಕಿಲೋಮೀಟರಿನಲ್ಲಿ ಹೆದರಿದಷ್ಟು ನಾನು ಯಾವ ಪರೀಕ್ಷೆಗೂ ಹೆದರಿಲ್ಲ.

ಶೆಡ್ಡಿನಲ್ಲಿ ಆಕೆ ಬಾಕ್ಸಿನ ಸಾಲಿಗೆ ಒರಗಿ ಕೂತಿದ್ದಳು. ಮುಖದ ತುಂಬ ಬೆವರು, ತುಟಿ ಬಿಳಿಚಿತ್ತು. ಇಬ್ಬರು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಸುತ್ತಮುತ್ತ ರಾಶಿ ರಾಶಿ ಮಣೂಕ. ನನ್ನ ದನಿ ಕೇಳಿದ್ದೇ ತಡ, ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿ ನಡುಗುವ ಕೈ ಎತ್ತಿದಳು.

“ಒಂದ ಕಾಳೂ ಬಾಯಾಗ ಹಾಕ್ಕೊಂಡಿಲ್ರಿ ಬಾಯಾರ. ಬೇಕಾದ್ರ ಇವರ್ನ ಕೇಳ್ರಿ.”

ನನಗೆ ಅಳು ಬಂತು. ಅದು ಅಳುವ ಹೊತ್ತಾಗಿರಲಿಲ್ಲ. ಎದುರಿನ ಟ್ರೇಯಿಂದ ಒಂದು ಹಿಡಿ ಎತ್ತಿ ನಾನೇ ಆಕೆಯ ಬಾಯಿಗಿಟ್ಟೆ. “ತಿನ್ನು ಯವ್ವಾ, ತಿನ್ನು, ಇನ್ನೊಂದ ಹಿಡಿ ತಿನ್ನು” ಎನ್ನುತ್ತ, ಯಾರಾದರೂ ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿಕೊಂಡು ಬನ್ನಿ ಎಂದು ಕೂಗಿದೆ. ಡಾಕ್ಟರು ಸಕ್ಕರೆಯವಳಿಗೆ ಸಕ್ಕರೆ ತಿನ್ನಿಸುವುದನ್ನು ಇಪ್ಪತ್ತು ಹೆಂಗಸರು ಬಾಯಿ ತೆರೆದು ನೋಡಿದರು. ಹತ್ತು ನಿಮಿಷಕ್ಕೆ ಆಕೆಯ ಮುಖಕ್ಕೆ ಬಣ್ಣ ಬಂತು, ಇಪ್ಪತ್ತು ನಿಮಿಷಕ್ಕೆ ಚಹಾ ಕಡಿಮೆ ಸಿಹಿಯಾಗಿದೆ ಎಂದು ತಕರಾರು ಬಂತು. ಆ ಗುಳಿಗೆಯ ಜೋರು ಬೇಗ ಇಳಿಯುವಂಥದ್ದಲ್ಲ. ರೊಟ್ಟಿ ತಿನ್ನಿಸಿ, ಗಂಟೆಗೊಮ್ಮೆ ಕೈ ತೊಳೆಸಿ ಚುಚ್ಚಿ ನೋಡುತ್ತ ಸಂಜೆಯವರೆಗೆ ಅಲ್ಲೇ ಕೂತೆ.

ಕೂತಾಗಲೇ ತಿಳಿಯಿತು, ಮಣೂಕ ಆರಿಸುವ ಮೇಜಿಗೆ ಒದ್ದೆ ಕೈ ತರುವಂತಿಲ್ಲ. ನೀರು ತಾಗಿದರೆ ಮಾಲು ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಬೆಳಿಗ್ಗೆ ಕೂತವರು ಊಟದ ತನಕ ಕೈಗೆ ನೀರು ಮುಟ್ಟಿಸುವುದಿಲ್ಲ, ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಈಕೆ ನನ್ನ ಹತ್ತಿರ ಬರುತ್ತಿದ್ದದ್ದು ಊಟಕ್ಕೆ ಮೊದಲು, ಉಂಡು ಬಂದರೆ ಸಕ್ಕರೆ ಏರುತ್ತದೆ ಎಂದು ನಾನೇ ಹೇಳಿದ್ದರಿಂದ. ಅಷ್ಟು ವರ್ಷ ತಿಕೋಟಾದಲ್ಲಿ ಕೂತು ಅವರು ಕೊಟ್ಟ ಮಣೂಕ ತಿಂದೆನೇ ಹೊರತು ಅವರು ಕೈ ಯಾವಾಗ ತೊಳೆಯುತ್ತಾರೆ ಎಂದು ನಾನು ಕೇಳಿರಲಿಲ್ಲ.

ಎಲ್ಲವನ್ನೂ ಬಿಡಿಸಿ ಹೇಳಿದೆ. ನಿನಗೆ ಸಕ್ಕರೆ ಕಾಯಿಲೆ ಇಲ್ಲ, ಇರಲೇ ಇಲ್ಲ, ತಪ್ಪು ನನ್ನದು, ಗುಳಿಗೆ ಬಿಸಾಕು ಎಂದೆ.

ಬಯ್ಯಲಿ ಎಂದು ಕಾದೆ.

“ಹಂಗಾದ್ರ ಎಳ್ಳ ಅಮಾಸಿ ಹೋಳಿಗಿ?” ಎಂದಳು ಕೊನೆಗೆ.

ಇಪ್ಪತ್ತು ಹೆಂಗಸರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ.

“ನಗ್ರಿ ಬಿಡ್ರಿ. ಆದ್ರ ಬಾಯಾರ, ನಾ ತಿಂದಿಲ್ಲ ತಿಂದಿಲ್ಲ ಅಂತ ಎಷ್ಟ ಸಲ ಹೇಳಿದೆ. ನನ್ನ ಬಾಯಿಗಿಂತ ನನ್ನ ಬೆರಳು ನಂಬಿದ್ರಿ ನೀವು.”

ಬಯ್ದಿದ್ದರೆ ಚೆನ್ನಾಗಿತ್ತು.

ಆ ಮೇಜಿನಲ್ಲಿ ನನ್ನ ಗುಳಿಗೆ ನುಂಗುವವರು ಇನ್ನೂ ಮೂವರಿದ್ದರು. ಅವರ ಹಿಂದಿನ ಲ್ಯಾಬ್ ವರದಿಗಳಿದ್ದವು, ಕಾಯಿಲೆ ನಿಜವಾದದ್ದೇ. ಆದರೂ ಸುದ್ದಿ ಕೇಳಿದ ಒಬ್ಬಳು ಆಸೆಯಿಂದ ಡ್ರಮ್ಮಿನ ನೀರಿನಲ್ಲಿ ಮೂರು ಸಲ ಕೈ ತೊಳೆದು ಬಂದು ಬೆರಳು ಚಾಚಿದಳು. ಎರಡುನೂರ ಇಪ್ಪತ್ತು. “ಇನ್ನೊಮ್ಮಿ ತೊಳಕೊಂಡ ಬರ್ಲೇನ್ರಿ?” ಎಂದಳು. ಬೇಡ ಎಂದೆ, ಬಹಳ ಮೆತ್ತಗೆ.

ಆ ಸಂಜೆ ಸೀದಾ ಇಬ್ರಾಹಿಂಪುರಕ್ಕೆ ಹೋದೆ. ಲ್ಯಾಬಿನವರು ನನ್ನನ್ನು ಕಂಡು ಜಗಳಕ್ಕೇ ಬಂದೆನೆಂದುಕೊಂಡು ಸ್ಟೂಲು ಬಿಟ್ಟು ಎದ್ದರು. ಕ್ಷಮಿಸಿ ಎಂದೆ. ಅವರು ಗಾಬರಿಯಾಗಿ ಚಹಾ ತರಿಸಿದರು. ಯಾವ ಬಾಟಲಿಗೆ ಯಾವ ರಕ್ತ, ಎಷ್ಟು ಹೊತ್ತು ಇಡಬಹುದು, ಬಿಸಿಲಿನಲ್ಲಿ ನನ್ನ ಸ್ಕೂಟಿಯ ಡಿಕ್ಕಿಯಲ್ಲಿ ಏನೇನು ಕೆಡುತ್ತದೆ ಎಂದೆಲ್ಲ ಕೇಳಿದೆ, ಕಾಲೇಜಿನಲ್ಲಿ ತೂಕಡಿಸಿದ್ದನ್ನು ಅಲ್ಲಿ ಕೂತು ಬರೆದುಕೊಂಡೆ. ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರೂ ಇದನ್ನು ಕೇಳಲು ಬಂದಿರಲಿಲ್ಲ ಎಂದರು. ಈಗ ವರದಿಗೂ ರೋಗಿಗೂ ಹೊಂದದಿದ್ದರೆ ಮೊದಲು ಅವರಿಗೆ ಫೋನು, ಆಮೇಲೆ ಸಿಟ್ಟು. ಫೋನು ಮುಗಿಯುವಷ್ಟರಲ್ಲಿ ಸಿಟ್ಟಿಗೆ ಜಾಗವೇ ಉಳಿದಿರುವುದಿಲ್ಲ.

ಕ್ಲಿನಿಕ್ಕಿನ ಜಗಲಿಗೆ ಒಂದು ನಳ, ಒಂದು ಸಾಬೂನು ಬಂತು. ಕಣ್ಣಿನ ಡಾಕ್ಟರಿಗೆ ಆಕೆಯ ಚೀಟಿ ಬರೆದುಕೊಟ್ಟೆ. ಸಂಕ್ರಾಂತಿ ಕಳೆದ ಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು, ಕೆಲವು ವಾರ ಬಿಟ್ಟು ಇನ್ನೊಂದರದ್ದು. ಹೊಸ ಮಾಲು ಶೆಡ್ಡಿಗೆ ಬಂದಾಗ ಆಕೆ ತನ್ನ ಮೂಲೆಯಲ್ಲೇ ಇದ್ದಳೆಂದು ಸಿಸ್ಟರ್ ಸುದ್ದಿ ತಂದಳು.

ಯುಗಾದಿ ಮುಗಿದ ಮೇಲೆ ಒಂದು ದಿನ ಮಧ್ಯಾಹ್ನ ಆಕೆಯೇ ಬಂದಳು, ಕೈಯಲ್ಲಿ ಸ್ಟೀಲಿನ ಡಬ್ಬಿ. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಅಯ್ಯ ಬಾಯಾರ, ದನಿ ಕೇಳಿ ನೀವು ಭಾಳ ಎತ್ತರ ಅದೀರಿ ಅನಕೊಂಡಿದ್ನಿ!”

ಸಿಸ್ಟರ್ ಬೆನ್ನು ತಿರುಗಿಸಿ ನಕ್ಕಳು. ಆಕೆ ಮೇಜಿನ ಮೇಲಿದ್ದ ಕಾಗದದ ಮೇಲೆ ಡಬ್ಬಿ ಸುರಿದಳು. ಹಸಿರು ಮಣೂಕ, ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ತಾನೇ ಆರಿಸಿದ್ದು ಎಂದಳು. ನಾನು ಕೈ ಚಾಚಿದೆ. ಆಕೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, ರಾಶಿಯೊಳಗೆ ಎರಡು ಬೆರಳು ಹಾಕಿ ಒಂದು ಕಾಳು ಹೆಕ್ಕಿ ತೆಗೆದಳು. ನನಗೆ ಅದು ಉಳಿದವುಗಳಂತೆಯೇ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಾಸಿವೆಯಷ್ಟು ಕಪ್ಪಿತ್ತು.

“ಈಗ ತಿನ್ರಿ,” ಎಂದಳು.

ನಾನು ತಿನ್ನುತ್ತ ಅಭ್ಯಾಸಬಲದಿಂದ ಇನ್ನೊಂದು ಕೈಯನ್ನು ಮಷಿನ್ನು ತೆಗೆಯಲು ಕೋಟಿನ ಜೇಬಿಗೆ ಹಾಕಿದೆ. ಆಕೆ ಅದನ್ನೂ ಕಂಡಳು. ಈಗ ಆಕೆಗೆ ಎಲ್ಲ ಕಾಣುತ್ತದೆ.

“ಬ್ಯಾಡ್ರಿ. ನಡುಕಿಲ್ಲ, ಬೆವರಿಲ್ಲ, ನಿದ್ದಿ ಬರತೈತಿ, ಹೋಳಿಗಿ ಉಂಡೀನಿ. ಆರಾಮ ಅದೀನಿ ಅಂತ ಹೇಳಾಕ ಬಂದೀನಿ. ಈ ಸಲ ನಾ ಹೇಳಿದ್ದು ಬರಕೋರಿ.”

ಮಷಿನ್ನನ್ನು ಖಾನೆಗೆ ಹಾಕಿ ಪುಸ್ತಕ ತೆಗೆದೆ. ಆಕೆ ಹೇಳುತ್ತಾ ಹೋದಳು, ನಾನು ಒಂದೊಂದನ್ನೇ ಬರೆದುಕೊಂಡೆ. ಬರೆದದ್ದನ್ನು ಆಕೆ ಬಗ್ಗಿ ನೋಡುತ್ತಿದ್ದಳು.